ನಾಳೆಯ ಚಿಂತೆಗೆ ಅರ್ಧ ಗಂಟೆ, ಉಳಿದ ಹೊತ್ತೆಲ್ಲ ಇವತ್ತಿಗೆ

ಅಪ್ಪನ ಪರೀಕ್ಷೆಯ ವರದಿ ಬರಲು ಒಂಬತ್ತು ದಿನ ಬೇಕು ಎಂದಿದ್ದರು. ನಾನು ರಜೆ ಹಾಕಿ ಆ ಒಂಬತ್ತು ದಿನವೂ ಅವರ ಪಕ್ಕದಲ್ಲೇ ಇದ್ದೆ. ಮೈ ಅಲ್ಲಿತ್ತು, ಮನಸ್ಸು ಮಾತ್ರ ಇರಲಿಲ್ಲ. ಐದನೇ ದಿನವೋ ಆರನೇ ದಿನವೋ ಸಂಜೆ ಅಪ್ಪ ತಾವು ಚಿಕ್ಕಂದಿನಲ್ಲಿ ಈಜು ಕಲಿತ ಕಥೆ ಹೇಳುತ್ತಿದ್ದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ತಲೆಯೊಳಗೆ ಬೇರೆಯದೇ ಓಡುತ್ತಿತ್ತು. ವರದಿ ಕೆಟ್ಟದಾಗಿ ಬಂದರೆ? ಆಪರೇಷನ್ ಅಂದರೆ? ದುಡ್ಡು ಎಲ್ಲಿಂದ? ಅಮ್ಮನಿಗೆ ಹೇಗೆ ಹೇಳೋದು? ಅಪ್ಪ ಮಾತು ನಿಲ್ಲಿಸಿದರು. "ನಾನೀಗ ಏನ್ ಹೇಳ್ದೆ, ಹೇಳು ನೋಡೋಣ" ಅಂದರು. ನನಗೆ ಹೇಳಲು ಬರಲಿಲ್ಲ. ಅವರು ಬೈಯಲಿಲ್ಲ. "ಹೋಗ್ಲಿ ಬಿಡು" ಎಂದು ಸುಮ್ಮನಾದರು.

ವರದಿ ಬಂತು. ಚಿಕಿತ್ಸೆ ಬೇಕಾಯಿತು, ಕೊಡಿಸಿದೆವು. ಆ ಒಂಬತ್ತು ದಿನ ನಾನು ಪಟ್ಟ ಚಿಂತೆಯಲ್ಲಿ ಒಂದು ಚೂರೂ ಆ ಚಿಕಿತ್ಸೆಯ ಉಪಯೋಗಕ್ಕೆ ಬರಲಿಲ್ಲ. ಆ ಸಂಜೆ ಮಾತ್ರ ಕೈತಪ್ಪಿ ಹೋಯಿತು.

ಅವತ್ತಿನಿಂದ ಇದನ್ನು ಕಲಿಯಲು ಹೊರಟೆ. ಒಂದೇ ದಿನದಲ್ಲಿ ಬರುವ ವಿದ್ಯೆ ಇದಲ್ಲ. "ಚಿಂತೆ ಬಿಡು, ಈ ಕ್ಷಣದಲ್ಲಿ ಬದುಕು" ಎಂದು ಎಲ್ಲರೂ ಹೇಳುತ್ತಾರೆ. ಬಿಡುವುದು ಹೇಗೆ ಎಂದು ಕೇಳಿದರೆ ಹೇಳುವವರು ಕಡಿಮೆ. ನನಗೆ ಕೆಲಸಕ್ಕೆ ಬಂದದ್ದನ್ನು, ಈ ವಿಷಯದಲ್ಲಿ ಸಂಶೋಧಕರು ಕಂಡುಕೊಂಡದ್ದನ್ನು ಸೇರಿಸಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದು ಹೆಜ್ಜೆ ಕಾಲಿಗೆ ಒಗ್ಗಿದ ಮೇಲೆ ಇನ್ನೊಂದು ಇಡಿ.

ಮೊದಲು ಗೊತ್ತಿರಲಿ: ಮನಸ್ಸು ಅಲೆಯುವುದು ನಿಮ್ಮ ತಪ್ಪಲ್ಲ

ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಫೋನ್‌ಗೆ ದಿನದಲ್ಲಿ ಯಾವ್ಯಾವುದೋ ಹೊತ್ತಿನಲ್ಲಿ ಒಂದು ಪ್ರಶ್ನೆ ಹೋಗುತ್ತಿತ್ತು. ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಆ ಕೆಲಸದಲ್ಲೇ ಇದೆಯಾ, ಖುಷಿಯಾಗಿದ್ದೀರಾ? ಉತ್ತರಗಳನ್ನು ಒಟ್ಟುಹಾಕಿ ನೋಡಿದರೆ, ಜನ ಎಚ್ಚರವಾಗಿರುವ ಹೊತ್ತಿನಲ್ಲಿ ಸುಮಾರು ಶೇ. 47ರಷ್ಟು ಕಾಲ ಕೈಯಲ್ಲಿರುವ ಕೆಲಸ ಬಿಟ್ಟು ಬೇರೇನನ್ನೋ ಯೋಚಿಸುತ್ತಿದ್ದರು. ಹಾಗೆ ಅಲೆಯುವಾಗ ಅವರ ಖುಷಿಯೂ ಕಡಿಮೆಯಿತ್ತು. ನನಗೆ ಆಶ್ಚರ್ಯ ತಂದದ್ದು ಇನ್ನೊಂದು. ಮನಸ್ಸು ಒಳ್ಳೆಯ ವಿಷಯದ ಕಡೆಗೇ ಹೋಗಿದ್ದರೂ, ಕೈಯಲ್ಲಿರುವ ಕೆಲಸದಲ್ಲಿ ಮುಳುಗಿದ್ದಾಗ ಸಿಗುವುದಕ್ಕಿಂತ ಜಾಸ್ತಿ ಖುಷಿ ಅವರಿಗೆ ಸಿಕ್ಕಿರಲಿಲ್ಲ.

ಸುಮ್ಮನೆ ಕೂತಾಗಲೂ ಮಿದುಳು ಸುಮ್ಮನಿರುವುದಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲೇ ಚುರುಕಾಗುವ ಕೆಲವು ಭಾಗಗಳು ಅದರಲ್ಲಿವೆ ಎಂದು ಅಮೆರಿಕದ ಮಿದುಳು ಸಂಶೋಧಕ ಮಾರ್ಕಸ್ ರೇಚಲ್ ಮತ್ತು ಅವರ ಜೊತೆಗಾರರು 2001ರಲ್ಲಿ ವಿವರಿಸಿದರು. ಹಿಂದಿನದನ್ನು ಕೆದಕುವುದು, ಮುಂದಿನದನ್ನು ಕಲ್ಪಿಸಿಕೊಳ್ಳುವುದು, ಇವೆಲ್ಲ ಆ ಭಾಗಗಳ ಕೆಲಸದೊಂದಿಗೆ ಸೇರಿಕೊಂಡಿವೆ. ಆದ್ದರಿಂದ "ನನ್ನ ಮನಸ್ಸೇ ಸರಿಯಿಲ್ಲ" ಎಂದು ಕೊರಗಬೇಡಿ. ನಿಮ್ಮದೂ ಎಲ್ಲರ ಮನಸ್ಸಿನ ಹಾಗೇ ಇದೆ.

ಹೆಜ್ಜೆ ಒಂದು: ಇದು ಯೋಜನೆಯೋ, ಚಿಂತೆಯೋ?

ಚಿಂತೆ ಬಿಡುವುದು ಕಷ್ಟವಾಗುವುದಕ್ಕೆ ಒಂದು ದೊಡ್ಡ ಕಾರಣ, ಅದು ಯೋಜನೆಯ ವೇಷ ಹಾಕಿಕೊಂಡು ಬರುತ್ತದೆ. "ನಾನು ಮುಂದಿನದನ್ನು ಯೋಚಿಸುತ್ತಿದ್ದೇನೆ, ಜವಾಬ್ದಾರಿ ಇದೆ ನನಗೆ" ಅನ್ನಿಸುತ್ತದೆ. ಬಿಟ್ಟುಬಿಟ್ಟರೆ ಎಲ್ಲಿ ಬೇಜವಾಬ್ದಾರಿಯಾಗುತ್ತೇನೋ ಎಂಬ ಭಯ.

ಎರಡನ್ನೂ ಬೇರೆ ಮಾಡಲು ನಾನು ಒಂದನ್ನೇ ನೋಡುತ್ತೇನೆ. ಈ ಯೋಚನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಯೋಜನೆ ಒಂದು ಕೆಲಸಕ್ಕೆ ಹೋಗಿ ಮುಟ್ಟುತ್ತದೆ. "ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಫೋನ್ ಮಾಡಬೇಕು." ಅಲ್ಲಿಗೆ ಅದು ಮುಗಿಯಿತು. ಚಿಂತೆ ಇನ್ನೊಂದು ಪ್ರಶ್ನೆಗೆ ಹೋಗಿ ಮುಟ್ಟುತ್ತದೆ. ಕೆಲಸ ಹೋದರೆ? ಸಾಲದ ಕಂತು ಕಟ್ಟಲಾಗದಿದ್ದರೆ? ಮನೆ ಬಿಡಬೇಕಾಗಿ ಬಂದರೆ? ಮಕ್ಕಳ ಓದು ನಿಂತರೆ? ನಂಟರ ಮುಂದೆ ತಲೆ ಎತ್ತುವುದು ಹೇಗೆ? ಅರ್ಧ ನಿಮಿಷವೂ ಆಗಿರುವುದಿಲ್ಲ, ಇವತ್ತು ಕೈಯಲ್ಲಿರುವ ಕೆಲಸದಿಂದ ಬೀದಿಗೆ ಬಂದು ನಿಂತಿರುತ್ತೀರಿ. ಮೈಯೂ ಅದನ್ನು ನಿಜವೆಂದೇ ನಂಬುತ್ತದೆ. ಎದೆ ಡವಡವ, ಭುಜ ಬಿಗಿ, ಹೊಟ್ಟೆಯಲ್ಲಿ ಸಂಕಟ.

ಮೊದಲ ಮೂರು ದಿನ ಬೇರೇನೂ ಮಾಡಬೇಡಿ. ಯೋಚನೆ ಬಂದಾಗ ಹೆಸರಿಡಿ, ಅಷ್ಟೇ. ಕೆಲಸಕ್ಕೆ ಮುಟ್ಟಿದರೆ "ಯೋಜನೆ". ಪ್ರಶ್ನೆಯಿಂದ ಪ್ರಶ್ನೆಗೆ ಜಿಗಿಯುತ್ತಿದ್ದರೆ "ಚಿಂತೆ". ಮನಸ್ಸಿನಲ್ಲೇ ಹೇಳಿಕೊಂಡರೆ ಸಾಕು. ನಿಲ್ಲಿಸಲು ಹೋಗಬೇಡಿ. ಎಷ್ಟು ಹೊತ್ತು ಕಳೆದ ಮೇಲೆ ನಿಮಗೆ ಅದು ಗೊತ್ತಾಯಿತು ಎಂಬುದರ ಕಡೆ ಸ್ವಲ್ಪ ಗಮನವಿರಲಿ. ಮೊದಲ ದಿನ ಅರ್ಧ ಗಂಟೆ ಕಳೆದ ಮೇಲೆ ಗೊತ್ತಾಗಬಹುದು. ಮೂರನೇ ದಿನಕ್ಕೆ ಐದು ನಿಮಿಷದಲ್ಲಿ ಗೊತ್ತಾದರೆ ಅದು ದೊಡ್ಡ ಗೆಲುವು.

ಹೆಜ್ಜೆ ಎರಡು: ಓಡಿಸಲು ಹೋಗಬೇಡಿ

"ಅದನ್ನು ಯೋಚಿಸಲೇಬಾರದು" ಎಂದು ಹಟ ಹಿಡಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪರೀಕ್ಷಿಸಿ ನೋಡಿದರು. ಜನರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ಮಾತ್ರ ನೆನೆಸಿಕೊಳ್ಳಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ, ಈಗ ನೆನೆಸಿಕೊಳ್ಳಬಹುದು ಎಂದಾಗ, ಮೊದಲಿನಿಂದಲೂ ನೆನೆಸಿಕೊಳ್ಳಲು ಬಿಟ್ಟವರಿಗಿಂತ ಇವರಿಗೇ ಕರಡಿಯ ನೆನಪು ಜಾಸ್ತಿ ಬಂತು. ಅದುಮಿಟ್ಟದ್ದು ಚಿಮ್ಮುತ್ತದೆ. ನೀರಿನೊಳಗೆ ಚೆಂಡು ಒತ್ತಿ ಹಿಡಿದು ಕೈ ಬಿಟ್ಟವರಿಗೆ ಇದು ಗೊತ್ತು.

ಹಾಗಾಗಿ ಚಿಂತೆಯೊಂದಿಗೆ ಗುದ್ದಾಡಬೇಡಿ. ನಿಮ್ಮ ಮನೆಯವರು ಚಿಂತೆಯಲ್ಲಿದ್ದಾಗಲೂ "ಟೆನ್ಷನ್ ಮಾಡ್ಕೋಬೇಡ" ಎಂದು ಹೇಳಬೇಡಿ. ಅದರಿಂದ ಆಗುವುದು ಇಷ್ಟೇ: ಇದ್ದ ಚಿಂತೆಯ ಜೊತೆಗೆ, ಚಿಂತೆ ಮಾಡುತ್ತಿದ್ದೇನಲ್ಲಾ ಎಂಬ ಇನ್ನೊಂದು ಚಿಂತೆ ಸೇರುತ್ತದೆ.

ಹೆಜ್ಜೆ ಮೂರು: ಚಿಂತೆಗೆ ಒಂದು ಹೊತ್ತು, ಒಂದು ಜಾಗ

ಉಳಿದದ್ದೆಲ್ಲ ಮರೆತರೂ ಈ ಹೆಜ್ಜೆಯನ್ನು ಮರೆಯಬೇಡಿ. ನನಗೆ ಬೇರೆಲ್ಲಕ್ಕಿಂತ ಜಾಸ್ತಿ ಕೈ ಹಿಡಿದದ್ದು ಇದು.

ಚಿಂತೆಯ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಒಂದು ಸರಳ ವಿಧಾನ ಪರೀಕ್ಷಿಸಿದರು. ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಚಿಂತೆ ಮಾಡುವುದು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡಿ ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ಇದರ ಹಿಂದಿನ ಲೆಕ್ಕ ಸರಳ. ನಾವು ಹಾಸಿಗೆಯಲ್ಲಿ, ಸ್ನಾನದ ಮನೆಯಲ್ಲಿ, ದಾರಿಯಲ್ಲಿ, ಎಲ್ಲ ಕಡೆ ಚಿಂತೆ ಮಾಡಿ ಮಾಡಿ, ಆ ಜಾಗಗಳೇ ಚಿಂತೆಯನ್ನು ಕರೆಯುವ ಹಾಗಾಗಿರುತ್ತದೆ. ಚಿಂತೆಗೆ ಒಂದೇ ಜಾಗ ಗೊತ್ತು ಮಾಡಿದರೆ ಉಳಿದ ಜಾಗಗಳಿಗೆ ಆ ನಂಟು ಮೆಲ್ಲಗೆ ಕಳಚುತ್ತದೆ.

ಮಾಡುವುದು ಹೀಗೆ. ಸಂಜೆಯ ಒಂದು ಹೊತ್ತು ಆರಿಸಿಕೊಳ್ಳಿ, ಆರೂವರೆ ಅನ್ನಿ. ಮಲಗುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ ಇರಲಿ. ಫೋನ್‌ನಲ್ಲಿ ಅಲಾರಂ ಇಡಿ, ಶುರುವಿಗೊಂದು, ಮುಗಿಯುವುದಕ್ಕೊಂದು. ಜಾಗ ಒಂದು ಗಟ್ಟಿ ಕುರ್ಚಿಯಾಗಿರಲಿ. ಹಾಸಿಗೆ ಬೇಡ, ದಿನಾ ಆರಾಮಾಗಿ ಕೂರುವ ಜಾಗವೂ ಬೇಡ. ಒಂದು ಚಿಕ್ಕ ನೋಟ್‌ಬುಕ್, ಪೆನ್ನು. ಅರ್ಧ ಗಂಟೆ ಜಾಸ್ತಿ ಅನ್ನಿಸಿದರೆ ಹದಿನೈದು ನಿಮಿಷ ಸಾಕು.

ಹಗಲಿನಲ್ಲಿ ಚಿಂತೆ ಬಂತು ಅನ್ನಿ. ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. "ಮಗಳ ಪರೀಕ್ಷೆ." "ಮನೆ ಸಾಲ." ವಿವರ ಬೇಡ, ಗುರುತು ಸಿಕ್ಕರೆ ಸಾಕು. ಬರೆದು "ಆರೂವರೆಗೆ ನೋಡೋಣ" ಎಂದುಕೊಳ್ಳಿ. ಈ ಮಾತಿನಲ್ಲಿ ಸುಳ್ಳಿಲ್ಲ ನೋಡಿ, ಅದಕ್ಕೇ ಇದು ಕೆಲಸ ಮಾಡುತ್ತದೆ. ಚಿಂತೆಯನ್ನು ಆಚೆ ತಳ್ಳುತ್ತಿಲ್ಲ. ಬಾ, ಆದರೆ ಈಗ ಬೇಡ, ಆಮೇಲೆ ಬಾ ಎನ್ನುತ್ತಿದ್ದೀರಿ. ಆಮೇಲೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಆರೂವರೆಗೆ ನೀವು ಕೂರಲೇ ಇಲ್ಲ ಅಂದರೆ ಮನಸ್ಸು ಮಾರನೆಯ ದಿನ ನಿಮ್ಮ ಮಾತು ನಂಬುವುದಿಲ್ಲ.

ಆರೂವರೆಗೆ ಕೂತಾಗ ಒಂದು ವಿಚಿತ್ರ ನಡೆಯುತ್ತದೆ. ಬೆಳಿಗ್ಗೆ ಉಸಿರು ಕಟ್ಟಿಸಿದ್ದ ಎಷ್ಟೋ ಸಾಲುಗಳು ಆ ಹೊತ್ತಿಗೆ ಪೇಲವವಾಗಿ ಕಾಣುತ್ತವೆ. ಕೆಲವಕ್ಕೆ ಚಿಂತೆ ಮಾಡಲು ಕೂತರೂ ಚಿಂತೆ ಬರುವುದಿಲ್ಲ. ಅಂಥವನ್ನು ಹೊಡೆದು ಹಾಕಿ. ಉಳಿದವನ್ನು ಮುಂದಿನ ಹೆಜ್ಜೆಗೆ ತೆಗೆದುಕೊಳ್ಳಿ.

ಮೊದಲ ನಾಲ್ಕೈದು ದಿನ ಇದು ಕೃತಕ ಅನ್ನಿಸುತ್ತದೆ. ಬರೆದಿಟ್ಟ ಚಿಂತೆ ಎರಡು ನಿಮಿಷಕ್ಕೇ ವಾಪಸ್ ಬರುತ್ತದೆ. ಬರಲಿ. ಮತ್ತೆ "ಆರೂವರೆಗೆ" ಅನ್ನಿ. ನನಗೆ ಮೊದಲ ವಾರ ಒಂದೇ ಸಾಲು ಒಂದು ದಿನದಲ್ಲಿ ಹನ್ನೊಂದು ಸಲ ಬಂದದ್ದುಂಟು. ಹನ್ನೊಂದು ಗೀಟು ಹಾಕಿದ್ದೆ ಅದರ ಪಕ್ಕದಲ್ಲಿ. ಎರಡು ವಾರ ಬಿಡದೆ ಮಾಡಿ ನೋಡಿ, ಆಮೇಲೆ ನಿಮಗೇ ಗೊತ್ತಾಗುತ್ತದೆ.

ಹೆಜ್ಜೆ ನಾಲ್ಕು: ನಾಳೆಯ ಕೆಲಸವನ್ನು ಇವತ್ತಿನ ಕೈಗೆ ತನ್ನಿ

ನೋಟ್‌ಬುಕ್‌ನಲ್ಲಿ ಉಳಿದ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದಕ್ಕೆ ನಾನು ಮಾಡಬಹುದಾದದ್ದು ಏನಾದರೂ ಇದೆಯಾ?

ಇದ್ದರೆ, ಅದನ್ನು ಆದಷ್ಟು ಸಣ್ಣದು ಮಾಡಿ, ದಿನ ಮತ್ತು ಹೊತ್ತು ಸೇರಿಸಿ ಬರೆಯಿರಿ. "ಆರೋಗ್ಯ ನೋಡಿಕೊಳ್ಳಬೇಕು" ಎಂದು ಬರೆದರೆ ಅದು ಇನ್ನೂ ಚಿಂತೆಯೇ. "ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಪರೀಕ್ಷೆ, ಹಿಂದಿನ ರಾತ್ರಿ ಹಳೆಯ ಚೀಟಿ ಬ್ಯಾಗಿಗೆ ಹಾಕಿಡುವುದು" ಅಂದರೆ ಅದು ಕೆಲಸ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು 2011ರಲ್ಲಿ ತೋರಿಸಿದ್ದು ಇದನ್ನೇ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನೊಳಗೆ ನುಗ್ಗಿ ನುಗ್ಗಿ ಬರುತ್ತದೆ. ಆದರೆ ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೆ, ಕೆಲಸ ಇನ್ನೂ ಆಗಿಲ್ಲದಿದ್ದರೂ ಆ ಕಾಟ ಕಡಿಮೆಯಾಗುತ್ತದೆ. ಮನಸ್ಸಿಗೆ ಬೇಕಿರುವುದು ಭರವಸೆ.

ಮಾಡಬಹುದಾದದ್ದು ಏನೂ ಇಲ್ಲವಾದರೆ? ಕೆಲವು ಹಾಗೆಯೇ ಇರುತ್ತವೆ. ಬರೆದು ಮುಗಿಸಿದ ಪರೀಕ್ಷೆಯ ಫಲಿತಾಂಶ. ಇನ್ನೂ ಬಾರದ ವರದಿ. ಬೇರೆಯವರು ತೆಗೆದುಕೊಳ್ಳಬೇಕಾದ ತೀರ್ಮಾನ. ಅದರ ಮುಂದೆ "ಕಾಯುವುದು" ಎಂದು ಬರೆಯಿರಿ, ಯಾವ ದಿನದವರೆಗೆ ಎಂಬುದನ್ನೂ ಬರೆಯಿರಿ. ಕಾಯುವುದೂ ಒಂದು ಕೆಲಸವೇ. ಅದನ್ನು ಹೇಗೆ ಮಾಡುವುದು ಎಂಬುದು ಮುಂದಿನ ಹೆಜ್ಜೆಗಳಲ್ಲಿದೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಬಿಡುತ್ತೇನೆ. ಇವತ್ತಿನಲ್ಲಿ ಬದುಕುವುದು ಎಂದರೆ ಉಳಿತಾಯ ಮಾಡದಿರುವುದು, ಮುಂದಾಲೋಚನೆ ಬಿಡುವುದು, ಬಂದದ್ದು ಬರಲಿ ಎಂದು ಕೂರುವುದು ಖಂಡಿತ ಅಲ್ಲ. ಬಿತ್ತನೆಗೆಂದು ಬೀಜ ಎತ್ತಿಡುವುದು ಇವತ್ತಿನ ಕೆಲಸವೇ. ಎತ್ತಿಟ್ಟ ಮೇಲೆ ರಾತ್ರಿಯೆಲ್ಲ ಎದ್ದೆದ್ದು ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತ ಕೂರುವುದರಿಂದ ಬೀಜಕ್ಕೂ ಲಾಭವಿಲ್ಲ, ಮಳೆಗೂ ತಿಳಿಯುವುದಿಲ್ಲ.

ಹೆಜ್ಜೆ ಐದು: ತಿಂಗಳಿಗೊಮ್ಮೆ ಹಿಂದಿನ ಪುಟ ತಿರುಗಿಸಿ

ನೋಟ್‌ಬುಕ್‌ನಿಂದ ಇನ್ನೊಂದು ಉಪಯೋಗವಿದೆ. ಒಂದು ತಿಂಗಳಾದ ಮೇಲೆ ಹಳೆಯ ಪುಟಗಳನ್ನು ತೆಗೆದು, ಯಾವುದು ನಿಜವಾಯಿತು, ಯಾವುದು ಆಗಲಿಲ್ಲ ಎಂದು ಗುರುತು ಹಾಕಿ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಲ್ಯೂಕಸ್ ಲಾಫ್ರೆನಿಯರ್ ಮತ್ತು ಮಿಷೆಲ್ ನ್ಯೂಮನ್ ಇದನ್ನೇ ಮಾಡಿಸಿ 2020ರಲ್ಲಿ ಪ್ರಕಟಿಸಿದರು. ವಿಪರೀತ ಚಿಂತೆಯ ಕಾಯಿಲೆ ಇರುವ 29 ಜನ ಹತ್ತು ದಿನ ತಮ್ಮ ಚಿಂತೆಗಳನ್ನು ಬರೆದಿಟ್ಟರು, ಆಮೇಲೆ ಅವು ಏನಾದವು ಎಂದು ಗಮನಿಸುತ್ತ ಬಂದರು. ಶೇ. 91ರಷ್ಟು ಚಿಂತೆಗಳು ನಿಜವಾಗಲೇ ಇಲ್ಲ.

ಇದು ಚಿಕ್ಕ ಗುಂಪಿನ ಲೆಕ್ಕ. ನಿಮ್ಮ ಲೆಕ್ಕ ಬೇರೆ ಬರಬಹುದು. ಅದಕ್ಕೇ ನಿಮ್ಮದೇ ಪುಟ ನೋಡಿ ಎನ್ನುತ್ತಿದ್ದೇನೆ. ಯಾರೋ ಹೇಳಿದ ಸಮಾಧಾನಕ್ಕಿಂತ ನಿಮ್ಮ ಕೈಬರಹವೇ ನಿಮಗೆ ಸಾಕ್ಷಿ ಹೇಳಿದರೆ ಅದರ ತೂಕವೇ ಬೇರೆ. ಹಾಂ, ಕೆಲವು ನಿಜವಾಗಿಯೇ ಆಗಿರುತ್ತವೆ. ಅವುಗಳ ಮುಂದೆ ಇನ್ನೊಂದು ಸಾಲು ಸೇರಿಸಿ: ಆದಾಗ ನಾನು ಏನು ಮಾಡಿದೆ? ಯಾರು ಜೊತೆಗೆ ನಿಂತರು? ಚಿಂತೆ ಮಾಡುವಾಗ ನಾವು ಕೇಡನ್ನು ಮಾತ್ರ ಕಲ್ಪಿಸಿಕೊಳ್ಳುತ್ತೇವೆ. ಆ ಹೊತ್ತಿಗೆ ನಮಗೆ ಬರುವ ಶಕ್ತಿ, ಒದಗುವ ಕೈಗಳು ಆ ಕಲ್ಪನೆಯಲ್ಲಿ ಇರುವುದೇ ಇಲ್ಲ.

ಹೆಜ್ಜೆ ಆರು: ಮೈ ಮೂಲಕ ಮರಳಿ ಬನ್ನಿ

ಚಿಂತೆಯನ್ನು ಆರೂವರೆಗೆ ಮುಂದೂಡಿದಿರಿ. ಸರಿ, ಈಗ ಮನಸ್ಸನ್ನು ಎಲ್ಲಿಡುವುದು? ಖಾಲಿ ಬಿಟ್ಟರೆ ಅದು ಮತ್ತೆ ಅಲ್ಲಿಗೇ ಓಡುತ್ತದೆ. ಇಲ್ಲಿ ನೆರವಿಗೆ ಬರುವುದು ಮೈ. ಮನಸ್ಸು ನಾಳೆಗೆ ಹೋಗಬಲ್ಲದು, ನಿನ್ನೆಗೂ ಹೋಗಬಲ್ಲದು. ಮೈ ಮಾತ್ರ ಯಾವಾಗಲೂ ಇವತ್ತಿನಲ್ಲೇ ಇರುತ್ತದೆ.

ಒಂದು ಲೋಟ ತೊಳೆಯುವುದನ್ನೇ ತೆಗೆದುಕೊಳ್ಳಿ. ದಿನಾ ಮಾಡುವ ಕೆಲಸ, ಕೈ ತಾನಾಗಿ ಮಾಡಿ ಮುಗಿಸುತ್ತದೆ, ತಲೆ ಎಲ್ಲೋ ಇರುತ್ತದೆ. ಈಗ ಒಂದೇ ಒಂದು ಲೋಟವನ್ನು ಗಮನವಿಟ್ಟು ತೊಳೆಯಿರಿ. ನಲ್ಲಿ ತಿರುಗಿಸಿದಾಗ ಮೊದಲು ಬೆರಳಿಗೆ ತಾಗುವ ತಣ್ಣನೆ. ನೀರು ಖಾಲಿ ಲೋಟಕ್ಕೆ ಬೀಳುವ ಸದ್ದು ದಪ್ಪಗಿರುತ್ತದೆ, ತುಂಬುತ್ತ ಬಂದ ಹಾಗೆ ಸಣ್ಣಗಾಗುತ್ತ ಮೇಲೇರುತ್ತದೆ. ಲೋಟ ಕೈಯಲ್ಲಿ ಭಾರವಾಗುತ್ತದೆ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರೆ ಎಲ್ಲಿ ಜಿಡ್ಡಿದೆ, ಎಲ್ಲಿ ಇಲ್ಲ ಎಂದು ತಿಳಿಯುತ್ತದೆ. ಸೋಪು ಹೋದ ಕ್ಷಣ ಬೆರಳು ಜಾರುವುದು ನಿಂತು ಕಿರ್ ಎನ್ನುತ್ತದೆ. ಬೋರಲು ಹಾಕಿದಾಗ ಕೊನೆಯ ಹನಿ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ಬೀಳುತ್ತದೆ. ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಆ ಒಂದು ನಿಮಿಷ ನೀವು ಪೂರ್ತಿಯಾಗಿ ಇಲ್ಲೇ ಇದ್ದಿರಿ.

ದಿನಕ್ಕೆ ಒಂದು ಕೆಲಸ ಆರಿಸಿಕೊಳ್ಳಿ. ಲೋಟವೇ ಆಗಬೇಕಿಲ್ಲ. ಹಲ್ಲುಜ್ಜುವುದು, ಮೆಟ್ಟಿಲು ಹತ್ತುವುದು, ಬಟ್ಟೆ ಮಡಚುವುದು, ಯಾವುದಾದರೂ ಸರಿ. ಒಂದು ವಾರ ಅದನ್ನೇ ಮಾಡಿ, ಬದಲಾಯಿಸಬೇಡಿ.

ಮಾಡುವಾಗ ಮನಸ್ಸು ಜಾರುತ್ತದೆ, ಜಾರಿಯೇ ಜಾರುತ್ತದೆ. ಎಷ್ಟೋ ಜನ ಇಲ್ಲೇ "ನನ್ನ ಕೈಲಿ ಆಗಲ್ಲ" ಎಂದು ಬಿಟ್ಟುಬಿಡುತ್ತಾರೆ. ಅವರಿಗೆ ಒಂದು ಮಾತು ಹೇಳಬೇಕು. ಮನಸ್ಸು ಜಾರದ ಹಾಗೆ ಹಿಡಿಯುವುದನ್ನು ನಾವಿಲ್ಲಿ ಕಲಿಯುತ್ತಿಲ್ಲ. ಜಾರಿದ್ದು ತಿಳಿದು ಮರಳಿ ಬರುತ್ತೇವಲ್ಲ, ಅದೇ ಅಭ್ಯಾಸ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಜಾರಿ ಇಪ್ಪತ್ತು ಸಲ ಮರಳಿದರೆ ಇಪ್ಪತ್ತು ಸಲ ಅಭ್ಯಾಸವಾಯಿತು. ಮರಳುವಾಗ ಬೈದುಕೊಳ್ಳಬೇಡಿ. ನಡೆಯಲು ಕಲಿಯುವ ಮಗು ಬಿದ್ದರೆ ಎತ್ತಿ ನಿಲ್ಲಿಸುತ್ತೇವೆ, ಅಷ್ಟೇ ಅಲ್ವಾ?

ಕ್ರಮವಾಗಿ ಕಲಿಯಬೇಕು ಎನ್ನುವವರಿಗೆ ಎಂಟು ವಾರಗಳ ಒಂದು ತರಬೇತಿ ಇದೆ. ಜಾನ್ ಕಬತ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ದೀರ್ಘ ಕಾಲದ ನೋವು, ಒತ್ತಡ ಇರುವ ರೋಗಿಗಳಿಗಾಗಿ ಅದನ್ನು ಶುರು ಮಾಡಿದರು. ಮೈಂಡ್‌ಫುಲ್‌ನೆಸ್ ಹೆಸರಿನಲ್ಲಿ ಇವತ್ತು ಜಗತ್ತಿನ ಎಷ್ಟೋ ಕಡೆ ಅದನ್ನು ಕಲಿಸುತ್ತಾರೆ. ಅದರ ತಿರುಳು ಇದೇ: ಗಮನ ಇಡುವುದು, ಜಾರಿದಾಗ ಬೇಸರವಿಲ್ಲದೆ ಮರಳುವುದು.

ಇನ್ನು, ಎದೆ ಹೊಡೆದುಕೊಳ್ಳುವಷ್ಟು ಗಾಬರಿಯಾದಾಗ ಲೋಟ ತೊಳೆಯುವುದು ಸಾಲದು. ಆಗ ಉಸಿರು ಹಿಡಿಯಿರಿ, ಅಂದರೆ ಉಸಿರಿನ ಮೇಲೆ ಗಮನ ಹಿಡಿಯಿರಿ. ಮೂಗಿನಿಂದ ಉಸಿರು ಒಳಗೆ ಎಳೆದುಕೊಳ್ಳಿ. ಬಿಡದೆ, ಅದರ ಮೇಲೆ ಇನ್ನೊಂದು ಸಣ್ಣ ಉಸಿರು ಎಳೆಯಿರಿ. ಆಮೇಲೆ ಬಾಯಿಂದ ನಿಧಾನವಾಗಿ, ಉದ್ದಕ್ಕೆ, ಪೂರ್ತಿ ಬಿಡಿ. ನಿಟ್ಟುಸಿರು ಬಿಡುವಾಗ ಮೈ ತಾನಾಗಿ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಹೀಗೆ ಮಾಡಿದವರ ಮನಸ್ಸಿನ ಸ್ಥಿತಿ ಗಮನಾರ್ಹವಾಗಿ ಸುಧಾರಿಸಿತ್ತು. ಗಾಬರಿಯ ಹೊತ್ತಿಗೆ ಮೂರು ನಾಲ್ಕು ಸಲ ಮಾಡಿದರೂ ಭುಜ ಕೆಳಗಿಳಿಯುವುದು ಗೊತ್ತಾಗುತ್ತದೆ. ತಲೆ ಹಗುರವಾಗಿ ಸುತ್ತಿದಂತಾದರೆ ನಿಲ್ಲಿಸಿ, ಮಾಮೂಲಿ ಉಸಿರಾಡಿ.

ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಚಿಂತೆ, ಹಳೆಯ ನೋವು ಇನ್ನೂ ಜಾಸ್ತಿಯಾಗುತ್ತದೆ. ಅವರು ಕಣ್ಣು ತೆರೆದೇ ಇರಲಿ. ಅಂಗಾಲು ನೆಲಕ್ಕೆ ಒತ್ತುವುದನ್ನು ಗಮನಿಸುತ್ತ ನಡೆಯಲಿ. ಅದೂ ಅಷ್ಟೇ ಒಳ್ಳೆಯ ದಾರಿ.

ಹೆಜ್ಜೆ ಏಳು: ಫೋನ್

ಇದನ್ನು ಚುಟುಕಾಗಿ ಹೇಳುತ್ತೇನೆ. ಎದ್ದ ಮೊದಲ ಅರ್ಧ ಗಂಟೆ ಫೋನ್ ಮುಟ್ಟಬೇಡಿ. ಸುದ್ದಿಗೆ ದಿನದಲ್ಲಿ ಒಂದೋ ಎರಡೋ ಹೊತ್ತು ಗೊತ್ತುಮಾಡಿ. ಕರೆ ಮತ್ತು ಮನೆಯವರ ಸಂದೇಶ ಬಿಟ್ಟು ಉಳಿದ ಎಲ್ಲ ಸದ್ದು ಬಂದ್ ಮಾಡಿ. ಚಿಂತೆ ಬಂದ ತಕ್ಷಣ ಕೈ ಫೋನ್ ಕಡೆ ಹೋಗುತ್ತದೆ. ರೋಗದ ಲಕ್ಷಣ ಹುಡುಕುತ್ತೇವೆ, ಒಂದರಿಂದ ಇನ್ನೊಂದಕ್ಕೆ ಹೋಗುತ್ತೇವೆ, ಗಂಟೆ ಕಳೆದಿರುತ್ತದೆ. ಹುಡುಕಬೇಕು ಅನ್ನಿಸಿದ್ದನ್ನೂ ನೋಟ್‌ಬುಕ್‌ನಲ್ಲಿ ಬರೆದು ಆರೂವರೆಗೆ ಹುಡುಕಿ.

ಹೆಜ್ಜೆ ಎಂಟು: ಎದುರಿಗಿರುವವರ ಮಾತು ಕೇಳಿ

ಚಿಂತೆಯಿಂದ ಈಚೆಗೆ ಬರಲು ಇನ್ನೊಬ್ಬ ಮನುಷ್ಯರ ಮುಖಕ್ಕಿಂತ ಒಳ್ಳೆಯ ಸಹಾಯ ನನಗೆ ಗೊತ್ತಿಲ್ಲ. ಮನೆಯವರು ಮಾತಾಡುವಾಗ ಕೈಯಲ್ಲಿರುವುದನ್ನು ಕೆಳಗಿಡಿ. ಅವರ ಕಡೆ ತಿರುಗಿ ಕೂರಿ. ಮುಂದೆ ಏನು ಹೇಳಬೇಕು ಎಂದು ಯೋಚಿಸಬೇಡಿ. ಅವರು ಹೇಳಿದ್ದರ ಬಗ್ಗೆಯೇ ಒಂದು ಪ್ರಶ್ನೆ ಕೇಳಿ. ಪ್ರಶ್ನೆ ಕೇಳಬೇಕು ಅಂದರೆ ಮಾತು ಕಿವಿಗೆ ಬಿದ್ದಿರಲೇಬೇಕು, ಅದಕ್ಕೇ ಇದು ಒಳ್ಳೆಯ ಅಭ್ಯಾಸ.

ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ನಾನೇ ಅಪ್ಪನನ್ನು ಕೇಳಿದೆ, "ಅಪ್ಪಾ, ಅವತ್ತು ಈಜು ಕಲಿತದ್ದು ಹೇಳ್ತಿದ್ರಲ್ಲ, ಏನದು?" ಅವರಿಗೆ ಹೇಳಿದ್ದೇ ನೆನಪಿರಲಿಲ್ಲ. ಆದರೂ ಹೇಳಿದರು. ಸೊಂಟಕ್ಕೆ ಹಗ್ಗ ಕಟ್ಟಿ ಅವರಣ್ಣ ಬಾವಿಗೆ ಇಳಿಸಿದ್ದು, ಹಗ್ಗ ಇದೆ ಅಂತ ಧೈರ್ಯವಾಗಿ ಕೈಕಾಲು ಬಡಿದದ್ದು, ಮೇಲೆ ಬಂದು ನೋಡಿದರೆ ಅಣ್ಣ ಹಗ್ಗವನ್ನು ಯಾವಾಗಲೋ ಸಡಿಲ ಬಿಟ್ಟಿದ್ದು. ಹೇಳುತ್ತ ಅವರ ಕೈ ನೀರು ತಳ್ಳುವ ಹಾಗೆ ಆಡುತ್ತಿತ್ತು. "ಸಡಿಲ ಬಿಟ್ಟದ್ದು ನಿಮಗೆ ಗೊತ್ತಾಗಲೇ ಇಲ್ವಾ?" ಎಂದೆ. "ಗೊತ್ತಾಗಿದ್ರೆ ಮುಳುಗ್ತಿದ್ದೆ" ಅಂದರು.

ರಾತ್ರಿಗೆ ಬೇರೆಯದೇ ಕ್ರಮ

ಹಗಲೆಲ್ಲ ಚೆನ್ನಾಗಿ ನಡೆದದ್ದು ರಾತ್ರಿ ದೀಪ ಆರಿಸಿದ ಮೇಲೆ ಕೆಟ್ಟುಹೋಗುತ್ತದೆ. ಕತ್ತಲು, ನಿಶ್ಶಬ್ದ, ಮಾಡಲು ಬೇರೆ ಕೆಲಸವಿಲ್ಲ. ಚಿಂತೆಗೆ ಇಡೀ ಮೈದಾನ ಬಿಟ್ಟುಕೊಟ್ಟ ಹಾಗೆ.

ಮಲಗುವ ಮುಂಚೆ ಐದು ನಿಮಿಷ, ನಾಳೆ ಮತ್ತು ಮುಂದಿನ ಕೆಲವು ದಿನ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 57 ಜನರನ್ನು ಎರಡು ಗುಂಪು ಮಾಡಿ ಇದನ್ನು ನೋಡಿದರು. ಒಂದು ಗುಂಪು ಮಾಡಬೇಕಾದ ಕೆಲಸ ಬರೆಯಿತು, ಇನ್ನೊಂದು ಮುಗಿಸಿದ ಕೆಲಸ ಬರೆಯಿತು. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ. ಗಮನಿಸಿ, ಇಲ್ಲಿ ಬರೆಯುವುದು ಕೆಲಸಗಳನ್ನು ಮಾತ್ರ. ಚಿಂತೆಗಳನ್ನು ಸಂಜೆಯೇ ಮುಗಿಸಿ ಬಂದಿದ್ದೀರಿ.

ನಡುರಾತ್ರಿ ಎಚ್ಚರವಾಗಿ ತಲೆ ಓಡತೊಡಗಿದರೆ ನಾನು ಪಾಲಿಸುವ ನಿಯಮ ಒಂದೇ. ರಾತ್ರಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ, ಯಾವ ತೀರ್ಮಾನವನ್ನೂ ನಂಬುವುದಿಲ್ಲ. ಮೂರು ಗಂಟೆಗೆ ಬೆಟ್ಟದಷ್ಟು ಕಂಡದ್ದು ಏಳು ಗಂಟೆಗೆ ಗುಡ್ಡವೂ ಆಗಿರುವುದಿಲ್ಲ. ಇಪ್ಪತ್ತು ನಿಮಿಷ ಆದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಹೊರಳಾಡುತ್ತ ಮಲಗಿರಬೇಡಿ. ಎದ್ದು ಬೇರೆ ಕಡೆ, ಮಂದ ಬೆಳಕಿನಲ್ಲಿ ಕೂರಿ. ಏನಾದರೂ ಹಗುರವಾದದ್ದು ಓದಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ. ಗಡಿಯಾರ ನೋಡಬೇಡಿ, ಅದನ್ನು ಗೋಡೆ ಕಡೆ ತಿರುಗಿಸಿಡಿ.

ನಿಜವಾಗಿಯೂ ಕಷ್ಟ ಬಾಗಿಲಲ್ಲೇ ನಿಂತಿದ್ದರೆ

ಇಲ್ಲಿಯವರೆಗೆ ಹೇಳಿದ್ದು ಮಾಮೂಲಿ ದಿನಗಳ ಮಾತು. ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ, ಕೆಲಸ ಹೋಗಿದೆ, ಸಾಲ ಕತ್ತಿಗೆ ಬಂದಿದೆ, ಇಂಥ ಹೊತ್ತಿನಲ್ಲಿ "ಈ ಕ್ಷಣವನ್ನು ಸವಿಯಿರಿ" ಎಂದು ನಾನು ಹೇಳಲಾರೆ. ಈ ಕ್ಷಣವೇ ಕಹಿಯಾಗಿರುತ್ತದೆ. ಅಳು ಬಂದರೆ ಅಳಿ. ಅದೂ ಇವತ್ತಿನಲ್ಲಿ ಇರುವುದೇ.

ಅಂಥ ದಿನಗಳಲ್ಲಿ ದಿನವನ್ನು ಚಿಕ್ಕದು ಮಾಡಿಕೊಳ್ಳಿ. ಇಡೀ ತಿಂಗಳು ಹೇಗೆ ಕಳೆಯುವುದು ಎಂದು ಕೇಳಿಕೊಳ್ಳಬೇಡಿ. ಮಧ್ಯಾಹ್ನದವರೆಗೆ ಏನು ಮಾಡಬೇಕು? ಆಮೇಲೆ ಸಂಜೆಯವರೆಗೆ? ಒಬ್ಬರೇ ಹೊರಬೇಡಿ. ನಂಬಿಕೆಯ ಒಬ್ಬರಿಗೆ ಹೇಳಿ, ಪರಿಹಾರ ಕೇಳಲಿಕ್ಕಲ್ಲ, ಸುಮ್ನೆ ಹೇಳಿಕೊಳ್ಳಲಿಕ್ಕೆ. ಹೇಳುವ ಮೊದಲೇ "ನೀವು ಏನೂ ಮಾಡಬೇಕಿಲ್ಲ, ಕೇಳಿಸಿಕೊಂಡರೆ ಸಾಕು" ಎಂದುಬಿಟ್ಟರೆ ಕೇಳುವವರಿಗೂ ಹಗುರ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು

ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ ಚಿಂತೆ ಇದ್ದೇ ಇದೆ, ಹತೋಟಿಗೆ ಸಿಗುತ್ತಿಲ್ಲ. ಜೊತೆಗೆ ನಿದ್ದೆ ಕೆಟ್ಟಿದೆ, ಸುಸ್ತು, ಚಡಪಡಿಕೆ, ಸಿಡುಕು, ಮೈ ಬಿಗಿತ, ಯಾವುದರಲ್ಲೂ ಗಮನ ನಿಲ್ಲುತ್ತಿಲ್ಲ. ಇವುಗಳಲ್ಲಿ ಮೂರ್ನಾಲ್ಕು ಇದ್ದು ದಿನದ ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೆ, ಅದು ಆತಂಕದ ಕಾಯಿಲೆಯಾಗಿರಬಹುದು. ಅದು ಸ್ವಭಾವದ ದೋಷ ಅಲ್ಲ, ಮನೋಬಲ ಕಡಿಮೆ ಅಂತಲೂ ಅಲ್ಲ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಯೋಚನೆಯ ಜಾಡು ತಿದ್ದುವ ಮಾತಿನ ಚಿಕಿತ್ಸೆ ಇದೆ, ಬೇಕಾದವರಿಗೆ ಔಷಧಿ ಇದೆ. ಥೈರಾಯ್ಡ್ ತೊಂದರೆಯಿಂದಲೂ ಇಂಥ ಲಕ್ಷಣ ಬರುವುದುಂಟು, ವೈದ್ಯರು ಅದನ್ನೂ ನೋಡುತ್ತಾರೆ. ಬದುಕೇ ಬೇಡ ಅನ್ನಿಸುತ್ತಿದ್ದರೆ ಒಂದು ದಿನವೂ ತಡಮಾಡಬೇಡಿ. ಇವತ್ತೇ, ಈಗಲೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ನಡುವೆ ಬಿಟ್ಟುಹೋದರೆ

ಬಿಟ್ಟುಹೋಗುತ್ತದೆ. ನನಗೆ ವರ್ಷದಲ್ಲಿ ಮೂರ್ನಾಲ್ಕು ಸಲ ಬಿಟ್ಟುಹೋಗುತ್ತದೆ. ಯಾವುದೋ ಕೆಲಸದ ಗಡಿಬಿಡಿಯಲ್ಲಿ ನೋಟ್‌ಬುಕ್ ಎಲ್ಲೋ ಸೇರಿಕೊಳ್ಳುತ್ತದೆ. ಹದಿನೈದು ದಿನ ಬಿಟ್ಟು ನೋಡಿದರೆ ಮತ್ತೆ ಹಳೆಯ ಹಾಗೆ, ಮೈ ಒಂದು ಕಡೆ ಮನಸ್ಸು ಒಂದು ಕಡೆ.

ಆಗ ತಪ್ಪಿದ ದಿನಗಳ ಲೆಕ್ಕ ಹಾಕಬೇಡಿ. ಹೊಸ ಪುಟ ತೆಗೆದು ಇವತ್ತಿನ ತಾರೀಕು ಬರೆಯಿರಿ. ಈ ಹೊತ್ತಿಗೆ ತಲೆಯಲ್ಲಿ ಓಡುತ್ತಿರುವ ಚಿಂತೆಯನ್ನು ಒಂದು ಸಾಲಿನಲ್ಲಿ ಅದರ ಕೆಳಗೆ ಹಾಕಿ. ಸಂಜೆಗೆ ಅಲಾರಂ ಇಡಿ. ಎದ್ದು ಹೋಗಿ ಒಂದು ಲೋಟ ತೊಳೆಯಿರಿ.